ಕಾಕು ಸಹಿ ಮಾಡಿದ ನಡಾವಳಿ

ತೀರಿಕೊಂಡ ಕಾಕುವಿನ ನೆನಪಿಗೆಂದು ಧಾರವಾಡದ ಸಪ್ತಾಪುರದ ಒಂದು ಸಣ್ಣ ಸಭಾಂಗಣದಲ್ಲಿ ಸೇರಿದ್ದ ದಿನ ನಾನು ಕಾಲು ತಾಸು ಮಾತಾಡಿದೆ. ಗರಗದ ನೂಲುವವರ ಮನೆಯಲ್ಲಿ ಹುಟ್ಟಿದ ಹುಡುಗಿ ಧಾರವಾಡದಲ್ಲಿ ಅರ್ಥಶಾಸ್ತ್ರ ಓದಿದ್ದು, ದೊಡ್ಡ ಅಂತರರಾಷ್ಟ್ರೀಯ ಕಚೇರಿಯೊಂದಕ್ಕೆ ಸೇರಿದ್ದು, ಮೂವತ್ತು ವರ್ಷ ಆಫ್ರಿಕಾದ ಬೇರೆ ಬೇರೆ ಊರುಗಳಲ್ಲಿದ್ದು ಜಗಳ ನಿಂತ ಜಾಗಗಳಲ್ಲಿ ಜನ ಮತ್ತೆ ನೆಲೆಯೂರುವಂತೆ ಮಾಡಿದ್ದು, ಎಲ್ಲ ಹೇಳಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ತಮ್ಮನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಕೆಳಗಿಳಿದು ಬಂದಾಗ ನನ್ನ ವಿದ್ಯಾರ್ಥಿಗಳಿಬ್ಬರು ಕೈ ಹಿಡಿದು ಭಾಳ ಛಲೋ ಮಾತಾಡಿದ್ರಿ ಸರ್ ಅಂದರು. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಹೇಳಲೇಬೇಕಾಗಿದ್ದ ಒಂದು ಮಾತನ್ನು ಮಾತ್ರ ಬಿಟ್ಟಿದ್ದೆ. ಹಾಗೆ ಬಿಡುವುದು ನನಗೆ ಹೊಸದಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮ ಕಡೆ ಕಾಕು ಅಂದರೆ ಚಿಕ್ಕಮ್ಮ; ಓಣಿಯವರೆಲ್ಲ ಅವರನ್ನು ಆಫ್ರಿಕಾ ಕಾಕು ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನನ್ನ ತಪ್ಪು ಇನ್ನೊಮ್ಮೆ ಅವರ ಹೆಸರಿನ ಪಕ್ಕದಲ್ಲಿ ಬಂದು ಕೂಡುತ್ತದೆ. ಕಾಕುವಿನದು ಸಣ್ಣ ಮೈಕಟ್ಟು. ಯಾವಾಗಲೂ ಗರಗದ ಖಾದಿ ಸೀರೆ, ಹಣೆಯ ಮೇಲೆ ವಿಭೂತಿ, ಎಡಗೈಯಲ್ಲಿ ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ. ಆ ಗಡಿಯಾರ ನಮ್ಮ ವೇಳೆಗಿಂತ ಎರಡೂವರೆ ತಾಸು ಹಿಂದೆ ಇರುತ್ತಿತ್ತು. ನಿವೃತ್ತರಾಗಿ ಧಾರವಾಡಕ್ಕೆ ಬಂದು ನೆಲೆಸಿದ ಮೇಲೂ ಅವರು ಅದನ್ನು ಆಫ್ರಿಕಾದ ವೇಳೆಯಿಂದ ತಿರುಗಿಸಿರಲಿಲ್ಲ. ಕಾಯಿಪಲ್ಲೆಯವಳು ಎಷ್ಟಾತ್ರಿ ಕಾಕು ಅಂತ ಕೇಳಿದರೆ ಗಡಿಯಾರ ನೋಡಿ, ಮನಸ್ಸಿನಲ್ಲೇ ಕೂಡಿಸಿ, ಆಮೇಲೆ ಹೇಳುತ್ತಿದ್ದರು. ಫೋನಿನಲ್ಲಿ ಮಾತು ಮುಗಿದ ಕೂಡಲೇ ಇಡ್ತೇನಿ ಅನ್ನದೆ ಇಟ್ಟುಬಿಡುತ್ತಿದ್ದರು. ಯಾರಿಗೂ ಥ್ಯಾಂಕ್ಸ್ ಅಂದದ್ದನ್ನು ನಾನು ಕೇಳಿಲ್ಲ. ಮಂತ್ರಿಗಳ ಮಾತನ್ನು ನಡುವೆಯೇ ತಡೆಯುತ್ತಿದ್ದರು. ಮನೆಗೆಲಸದ ಬಸವ್ವ ಮಾತಾಡುವಾಗ ಮಾತ್ರ ಕೊನೆಯ ತನಕ ಕೇಳುತ್ತಿದ್ದರು.

ನಾನು ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಕೇಂದ್ರವೊಂದರಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಮಾಡುತ್ತೇನೆ. ಒಂದು ಮಧ್ಯಾಹ್ನ ಕಾಕು ಅಲ್ಲಿಗೆ ಬಂದು, ಸರಳ ಇಂಗ್ಲಿಷ್ ಬರೆಯಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಆಡಳಿತದವರು ನನ್ನನ್ನು ಕರೆದರು. ನನ್ನ ವಿದ್ಯೆ, ಅನುಭವ ಯಾವುದನ್ನೂ ಕಾಕು ಕೇಳಲಿಲ್ಲ. ಒಂದು ಹಳ್ಳಿಯಲ್ಲಿ ಇಬ್ಬರು ಹೆಂಗಸರು ಒಂದೇ ಬಾವಿಯ ಮೇಲೆ ಹೇಗೆ ಒಪ್ಪಂದಕ್ಕೆ ಬಂದರು ಎಂಬುದನ್ನು ಹತ್ತು ನಿಮಿಷ ಹೇಳಿ, ಒಂದು ಪುಟದಲ್ಲಿ ಬರೆದುಕೊಡು ಅಂದರು. ನಾನು ನನಗೆ ಬರುವ ಒಳ್ಳೊಳ್ಳೆಯ ಪದಗಳನ್ನೆಲ್ಲ ಹಾಕಿ ಬರೆದುಕೊಟ್ಟೆ. ಅವರು ಕನ್ನಡಕ ಮೇಲೆತ್ತಿ, ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು.

“ಇದರಾಗ ನೀ ಭಾಳ ಅದಿ, ತಮ್ಮಾ,” ಅಂದರು. “ಆ ಹೆಣ್ಮಕ್ಕಳು ಕಡಿಮಿ ಅದಾರ. ಇನ್ನೊಮ್ಮೆ ಬರಿ.”

ಎರಡನೆಯ ಸಲ ಬರೆದದ್ದು ಅರ್ಧ ಪುಟಕ್ಕೆ ಮುಗಿಯಿತು. ಮರುದಿನದಿಂದ ನಾನು ಅವರ ಮನೆಗೆ ಹೋಗತೊಡಗಿದೆ.

ಅವರ ಕೆಲಸ ಏನೆಂದು ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪೂರ್ವ ಆಫ್ರಿಕಾದ ಒಂದು ಗಡಿ ಜಿಲ್ಲೆಯಲ್ಲಿ ಬೇಸಾಯಗಾರರಿಗೂ ದನಗಾಹಿಗಳಿಗೂ ಎರಡು ತಲೆಮಾರಿನ ಬಡಿದಾಟ ನಡೆದು, ಅದೇ ತಾನೇ ಒಪ್ಪಂದವಾಗಿತ್ತು. ಒಪ್ಪಂದವಾದ ಕೂಡಲೇ ಆರು ದೇಶಗಳು ಸಹಾಯಕ್ಕೆ ಬಂದವು. ಒಬ್ಬರು ನೀರು ಕೊಡುತ್ತೇವೆ ಅಂದರು, ಒಬ್ಬರು ದನಗಳಿಗೆ ಲಸಿಕೆ, ಒಬ್ಬರು ಬೀಜ, ಒಬ್ಬರು ಪೊಲೀಸರಿಗೆ ತರಬೇತಿ. ಇವರೆಲ್ಲ ಒಬ್ಬರಿಗೊಬ್ಬರು ಹೇಳದೆ ತಂತಮ್ಮ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದನ್ನು ಕಾಕು ಬೇರೆಡೆ ನೋಡಿದ್ದರು. ಒಂದು ಊರಲ್ಲಿ ಎರಡು ದೇಶಗಳು ಎದುರುಬದುರಾಗಿ ಎರಡು ದವಾಖಾನೆ ಕಟ್ಟಿಸಿದ್ದವಂತೆ. ಎರಡರಲ್ಲೂ ನರ್ಸ್ ನಿಲ್ಲುತ್ತಿರಲಿಲ್ಲ. ಬಂದ ನರ್ಸಮ್ಮಂದಿರಿಗೆ ಉಳಿಯಲು ಮನೆ ಇರಲಿಲ್ಲ. ಒಂದು ದವಾಖಾನೆಯನ್ನು ನರ್ಸಮ್ಮನ ಮನೆ ಮಾಡಿ ಎಂದು ಆ ದೇಶದವರನ್ನು ಒಪ್ಪಿಸಲು ಕಾಕುವಿಗೆ ಒಂದು ವರ್ಷ ಹಿಡಿದಿತ್ತು. ಗೋಡೆಯ ಮೇಲಿದ್ದ ತಮ್ಮ ದೇಶದ ಹೆಸರಿನ ಫಲಕ ತೆಗೆಯುವುದು ಆ ದೇಶದವರಿಗೆ ಇಷ್ಟವಿರಲಿಲ್ಲ. ಕೇಳಿದ ನಾನು ನಕ್ಕೆ. ಕಾಕು ನಗಲಿಲ್ಲ. ಆ ವರ್ಷ ಹೆರಿಗೆಯಲ್ಲಿ ಹೋದ ಮೂವರ ಹೆಸರು ಅವರಿಗೆ ನೆನಪಿತ್ತು.

ಗಡಿ ಜಿಲ್ಲೆಯ ಎರಡೂ ಕಡೆಯವರು ಕಾಕುವನ್ನು ಬಲ್ಲವರು. ಆಕೆ ನಡುವೆ ಇರಲಿ, ಇಲ್ಲದಿದ್ದರೆ ನಾವು ಕೂಡುವುದಿಲ್ಲ ಎಂದು ಅವರು ಹಟ ಹಿಡಿದರು. ಆ ಖಂಡದ ದೇಶಗಳೆಲ್ಲ ಸೇರಿ ನಡೆಸುವ ಕಚೇರಿಯವರು ನಿವೃತ್ತಿಯ ನಂತರವೂ ಅವರನ್ನೇ ಸಂಚಾಲಕಿ ಮಾಡಿದರು. ಹೀಗಾಗಿ ಒಂದು ಜಿಲ್ಲೆಯ ಶಾಂತಿಗೆ ಬೇಕಾದ ಸಹಾಯವನ್ನು ಹೊಂದಿಸುವ ಸಭೆ ತಿಂಗಳಿಗೊಮ್ಮೆ, ಮಧ್ಯಾಹ್ನ ಮೂರಕ್ಕೆ, ಸಪ್ತಾಪುರದ ಒಂದು ಮನೆಯ ಊಟದ ಮೇಜಿನ ಮೇಲೆ ನಡೆಯುತ್ತಿತ್ತು. ಒಂದು ಲ್ಯಾಪ್‌ಟಾಪ್, ಅದರೊಳಗೆ ಹನ್ನೆರಡು ಮುಖ, ಬದಿಗೆ ಒಂದು ಮೊಬೈಲ್. ಮೊಬೈಲ್ ಆ ಜಿಲ್ಲೆಯ ಸಂತೆಯಲ್ಲಿ ಜೋಳ ಮಾರುವ ಒಬ್ಬ ಹೆಂಗಸಿಗಾಗಿ. ಎರಡೂ ಕಡೆಯವರು ಆಕೆಯ ಅಂಗಡಿಗೆ ಬರುತ್ತಿದ್ದರು. ಒಪ್ಪಂದದ ಮೊದಲ ಮಾತುಗಳು ನಡೆದದ್ದೂ ಆಕೆಯ ಚೀಲಗಳ ಮೇಲೆ ಕೂತೇ. ಕಾಕು ಆಕೆಯನ್ನು ಜ್ವಾಳದಕ್ಕ ಅನ್ನುತ್ತಿದ್ದರು. ಆಕೆಯ ಭಾಷೆಯನ್ನು ಇಂಗ್ಲಿಷಿಗೆ ಹೇಳಲು ಅದೇ ಜಿಲ್ಲೆಯವನಾದ ಒಬ್ಬ ಸಂಶೋಧಕ ಇದ್ದ. ಇಲ್ಲಿ ಧಾರವಾಡದಲ್ಲೇ ಜೋಳದ ತಳಿಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ಅವನು ನಾಲ್ಕು ವರ್ಷದಲ್ಲಿ ನಮ್ಮ ಮಾತನ್ನು ನಮ್ಮ ಹಾಗೆಯೇ ಆಡಲು ಕಲಿತಿದ್ದ. ಕಾಕುವಿನ ಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನೋಡಿ, ನಮ್ಮೂರಿನ ಜೋಳಕ್ಕೆ ಇಷ್ಟು ಜಿಗುಟು ಇಲ್ರಿ, ನಾವು ಗಂಜಿ ಅಷ್ಟೇ ಮಾಡ್ತೇವಿ ಅನ್ನುತ್ತಿದ್ದ.

ಸಭೆಯ ಮೊದಲ ಮಾತು ಜ್ವಾಳದಕ್ಕನದು, ಕೊನೆಯ ಮಾತೂ ಆಕೆಯದೇ. ಇದು ಕಾಕು ಹಾಕಿದ ನಿಯಮ. ಸಭೆಯಲ್ಲಿ ಯಾರು ಏನಂದರು, ಏನು ತೀರ್ಮಾನವಾಯಿತು ಎಂಬ ನಡಾವಳಿ ಬರೆಯುವುದು ನನ್ನ ಕೆಲಸ. ಬರೆದದ್ದನ್ನು ಸಂಜೆ ನಾನು ಗಟ್ಟಿಯಾಗಿ ಓದಬೇಕು. ಜ್ವಾಳದಕ್ಕನ ಮಾತು ಬಂದಲ್ಲಿ ಎರಡು ಸಲ ಓದಬೇಕು. ಆಮೇಲೆ ಕಾಕು ಸಹಿ ಮಾಡಬೇಕು. ಸಹಿಯಾದ ನಡಾವಳಿಯ ಮೇಲೆಯೇ ಆರೂ ದೇಶಗಳ ಮುಂದಿನ ತಿಂಗಳ ಕೆಲಸ ನಿಂತಿರುತ್ತಿತ್ತು. ಅದರಲ್ಲಿಲ್ಲದ್ದು ಅವರ ಮಟ್ಟಿಗೆ ನಡೆದೇ ಇಲ್ಲ. ಒಮ್ಮೆ ನಾನು ಆ ಜಿಲ್ಲೆಯ ಜನರಿಗೆ ಫಲಾನುಭವಿಗಳು ಎಂಬರ್ಥದ ಪದ ಹಾಕಿದ್ದೆ. ಕಾಕು ಓದು ನಿಲ್ಲಿಸಿದರು.

“ನಮ್ಮವ್ವಗ ಯಾರರೇ ಫಲಾನುಭವಿ ಅಂದಿದ್ರ ಆಕಿ ಚರಕಾ ಎತ್ತಿ ಒಗೀತಿದ್ಲು,” ಅಂದರು. “ಹೆಸರು ಇಲ್ಲೇನು ಅವರಿಗೆ?”

ನೀರಿನ ಕೆಲಸ ವಹಿಸಿಕೊಂಡಿದ್ದ ದೇಶದ ಅಧಿಕಾರಿ ಒಮ್ಮೆ ಭಾರತಕ್ಕೆ ಬಂದವನು ಕಾಕುವನ್ನು ಕಾಣಲು ಧಾರವಾಡಕ್ಕೂ ಬಂದ. ಸೌಮ್ಯ ಸ್ವಭಾವದ, ಎಲ್ಲರಿಗೂ ಬೇಕಾಗುವಂಥ ಮನುಷ್ಯ. ನಾನು ಅವನನ್ನು ಒಳ್ಳೆಯ ಹೋಟೆಲಿಗೆ ಕರೆದುಕೊಂಡು ಹೋಗೋಣ ಅಂದೆ. ಕಾಕು ಅವನನ್ನು ಹೆಬ್ಬಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿ ಅವರ ದೂರದ ನೆಂಟರ ಹೊಲದಲ್ಲಿ ಎತ್ತಿನ ಚಕ್ಕಡಿ ಹೋಗುವ ದಾರಿಯ ಬಗ್ಗೆ ಇಬ್ಬರು ಅಣ್ಣತಮ್ಮಂದಿರ ವ್ಯಾಜ್ಯ ನಡೆದಿತ್ತು. ಊರ ಹಿರಿಯರು ಬೇವಿನ ಗಿಡದ ಕೆಳಗೆ ಕೂತು ಇಡೀ ಮಧ್ಯಾಹ್ನ ಆ ದಾರಿಯನ್ನು ಮಾತಿನಲ್ಲೇ ಅಳೆದರು, ಅಳಿಸಿದರು, ಮತ್ತೆ ಅಳೆದರು. ಅಧಿಕಾರಿ ಬೆವರೊರೆಸಿಕೊಳ್ಳುತ್ತ ಕೂತಿದ್ದ. ಕಾಕು ಪ್ರತಿ ಮಾತನ್ನೂ ಅವನಿಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು. ಸಂಜೆ ದಾರಿಯ ಗುರುತಿನ ಕಲ್ಲು ನೆಟ್ಟ ಮೇಲೆ ಅವರು ಅವನಿಗೆ ಹೇಳಿದ್ದಿಷ್ಟೆ: ಇವರು ಒಂದೇ ತಾಯಿಯ ಮಕ್ಕಳು, ಇವರಿಗೂ ದಾರಿ ಮೊದಲು ಬೇಕು, ಉಳಿದದ್ದು ಆಮೇಲೆ. ಅವನು ತಲೆಯಾಡಿಸಿದ. ನಾನೂ ಆಡಿಸಿದೆ.

ಎರಡು ವರ್ಷ ಹೀಗೆ ನಡೆಯಿತು. ಗಡಿ ಜಿಲ್ಲೆಯಲ್ಲಿ ಸಂತೆ ದೊಡ್ಡದಾಯಿತು, ಶಾಲೆ ತೆರೆಯಿತು. ನಾನು ಕ್ಲಾಸಿನಲ್ಲಿ ಆಫ್ರಿಕಾದ ಅಭಿವೃದ್ಧಿಯ ಪಾಠ ಬಂದಾಗ, ಮೊನ್ನೆ ನಮ್ಮ ಸಭೆಯಲ್ಲಿ ಎಂದು ಶುರು ಮಾಡುತ್ತಿದ್ದೆ. ವಿದ್ಯಾರ್ಥಿಗಳು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ನನಗೆ ಅದು ಹಿತವಾಗಿತ್ತು. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇನೆ, ಧಾರವಾಡ ನನಗೆ ಸಣ್ಣದೆನ್ನಿಸತೊಡಗಿತ್ತು.

ಆ ವರ್ಷ ಕಾಕುವಿನ ಬಲಗಣ್ಣಿಗೆ ಪೊರೆ ಬಲಿತಿತ್ತು. ಎಡಗಣ್ಣು ಮೊದಲೇ ಮಂದ. ಹುಬ್ಬಳ್ಳಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದರು. ಹದಿನೈದು ದಿನ ಕಂಪ್ಯೂಟರ್ ನೋಡಬಾರದು, ಓದಬಾರದು ಎಂದು ಡಾಕ್ಟರು ಹೇಳಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು ಒಳಗಿನ ಕೋಣೆಯಲ್ಲಿ ಮಲಗಿದ್ದ ಕಾಕು ನನ್ನನ್ನು ಕರೆದು, ಈ ತಿಂಗಳ ಸಭೆ ನೀನೇ ನಡೆಸು ಅಂದರು. ನಾನು ಅದಕ್ಕಾಗಿ ಹೊಸ ಅಂಗಿ ಕೊಂಡೆ.

ಸಭೆ ಚೆನ್ನಾಗಿಯೇ ನಡೆಯಿತು. ನೀರಿನ ದೇಶದವರು ಹೊಸ ಬೋರ್‌ವೆಲ್ ಸಿದ್ಧವಾಗಿದೆ, ಉದ್ಘಾಟನೆಗೆ ಅವರ ಮಂತ್ರಿಯೇ ಬರುತ್ತಾರೆ ಎಂದು ತಿಳಿಸಿದರು. ಎಲ್ಲರೂ ಸಂತೋಷಪಟ್ಟರು. ಕೊನೆಯ ಮಾತು ಜ್ವಾಳದಕ್ಕನದು. ಸಂಶೋಧಕ ಆ ದಿನ ಪ್ರಯೋಗದ ಹೊಲದಲ್ಲಿದ್ದ. ಅಲ್ಲಿಂದಲೇ ಫೋನಿನಲ್ಲಿ ಆಕೆಯ ಮಾತನ್ನು ಇಂಗ್ಲಿಷಿಗೆ ಹೇಳಿದ. ಆಕೆ ಹೇಳಿದ್ದು ಇದು: ದನಗಳು ನೀರಿಗೆ ಬರುವ ದಾರಿಗೆ ಇನ್ನೂ ಕಲ್ಲು ನೆಟ್ಟಿಲ್ಲ. ಅದನ್ನು ನೆಡುವ ತನಕ ಬೋರ್‌ವೆಲ್ ಶುರು ಮಾಡಬೇಡಿ. ಮಾಡಿದರೆ ದನ ಬೆಳೆದು ನಿಂತ ಜೋಳದ ಮೇಲೆ ಹಾದು ಬರುತ್ತವೆ. ಬಂದರೆ ನಮ್ಮ ಹುಡುಗರು ಸುಮ್ಮನೆ ಕೂಡುವುದಿಲ್ಲ. ಸಂಶೋಧಕ ಅದನ್ನು ಎರಡು ಸಲ ಹೇಳಿದ. ಒಂದಕ್ಷರವೂ ಬಿಡದೆ ನನಗೆ ಕೇಳಿಸಿತು. ನಾನು ಬರೆದುಕೊಂಡೆ.

ಸಭೆ ಮುಗಿದು ಹತ್ತು ನಿಮಿಷಕ್ಕೆ ಆ ಸೌಮ್ಯ ಅಧಿಕಾರಿಯ ಫೋನು ಬಂತು. ನನ್ನನ್ನು ಹೊಗಳಿದ. ಇಷ್ಟು ಅಚ್ಚುಕಟ್ಟಾದ ಸಭೆ ತಾನು ಕಂಡಿಲ್ಲ ಅಂದ. ಆಮೇಲೆ ಮೆಲ್ಲಗೆ, ಮಂತ್ರಿಯ ತಾರೀಖು ಗೊತ್ತಾಗಿಬಿಟ್ಟಿದೆ, ಒಬ್ಬ ಹೆಂಗಸಿನ ಆತಂಕ ನಡಾವಳಿಯಲ್ಲಿ ಬಂದರೆ ಎಲ್ಲ ನಿಲ್ಲುತ್ತದೆ, ವಿಚಾರಿಸಿ ಮುಂದಿನ ತಿಂಗಳು ಸೇರಿಸೋಣ ಅಂದ. ಕೊನೆಗೆ, ತನ್ನ ಕಚೇರಿಯಲ್ಲಿ ಒಂದು ಜಾಗ ಖಾಲಿಯಾಗುತ್ತಿದೆ, ನಿಮ್ಮ ಹೆಸರು ಬರೆಯಲೇ ಎಂದು ಕೇಳಿದ. ನಾನು ಆಗಲಿ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ನೋಡುತ್ತೇನೆ ಅಂದೆ. ನೋಡಿದ್ದೇನೂ ಇಲ್ಲ. ಲ್ಯಾಪ್‌ಟಾಪಿನ ಮುಂದೆ ಕೂತು ಜ್ವಾಳದಕ್ಕನ ನಾಲ್ಕು ವಾಕ್ಯಗಳ ಜಾಗದಲ್ಲಿ, ಸ್ಥಳೀಯ ವಿಷಯಗಳನ್ನೂ ಚರ್ಚಿಸಲಾಯಿತು ಎಂದು ಒಂದು ಸಾಲು ಬರೆದೆ.

ಸಂಜೆ ಒಳಗಿನ ಕೋಣೆಯಲ್ಲಿ ಕೂತು ಓದಿದೆ. ಕಾಕು ಅಂಗಾತ ಮಲಗಿ ಕೇಳುತ್ತಿದ್ದರು. ನಾನು ಕೊನೆಗೆ ಬಂದಾಗ ಅವರು ಕಾದರು. ಎರಡನೆಯ ಸಲ ಓದುವ ಮಾತು ಬರಲಿಲ್ಲ.

“ಜ್ವಾಳದಕ್ಕ ಏನಂದ್ಲು?”

“ಲೈನ್ ಛಲೋ ಇರಲಿಲ್ರಿ ಕಾಕು. ಸರಿ ಕೇಳಿಸಲಿಲ್ಲ.”

“ನಾಳಿ ಮತ್ತ ಫೋನ್ ಮಾಡಿ ಕೇಳಬೇಕು ಹಂಗಾದ್ರ.”

“ನಾ ಕೇಳ್ತೇನ್ರಿ.”

ಅವರು ಎದ್ದು ಕೂತು ಕೈ ಚಾಚಿದರು. ಸಹಿಯ ಜಾಗ ಕಾಣುತ್ತಿರಲಿಲ್ಲ. ನಾನು ಅವರ ಬೆರಳು ಹಿಡಿದು ಹಾಳೆಯ ಕೆಳಗೆ ತಂದು ಇಟ್ಟೆ. ಅವರ ಕೈ ಬೆಚ್ಚಗಿತ್ತು. ಅವರು ಸಹಿ ಮಾಡಿದರು. ಮರುದಿನ ನಾನು ಫೋನ್ ಮಾಡಲಿಲ್ಲ. ಅದರ ಮರುದಿನವೂ ಇಲ್ಲ.

ಬೋರ್‌ವೆಲ್ ಉದ್ಘಾಟನೆಯಾದ ಚಿತ್ರಗಳು ಬಂದವು. ಮಂತ್ರಿ ಬೊಗಸೆಯಲ್ಲಿ ನೀರು ಹಿಡಿದಿದ್ದರು. ಒಂದು ವಾರ ಏನೂ ಆಗಲಿಲ್ಲ. ಆ ವಾರ ನಾನು ನೆಮ್ಮದಿಯಾಗಿದ್ದೆ. ಆಮೇಲೆ ಒಂದು ಮಧ್ಯಾಹ್ನ ಸಂಶೋಧಕ ಕಾಕುವಿನ ಮನೆಗೆ ಬಂದ. ಚಪ್ಪಲಿ ಬಿಡದೆ ಪಡಸಾಲೆಗೆ ಬಂದವನು ನಿಂತೇ ಇದ್ದ. ದನಗಳು ಬಂದಿದ್ದವು, ಜೋಳ ತುಳಿದಿದ್ದವು. ಕೊಡಲಿ ಎದ್ದಿದ್ದವು. ಎರಡೂ ಕಡೆಯಿಂದ ಒಬ್ಬೊಬ್ಬ ಹುಡುಗ ಸತ್ತಿದ್ದ. ಸಂತೆಯ ಒಂದು ಸಾಲು ಸುಟ್ಟುಹೋಗಿತ್ತು, ಜ್ವಾಳದಕ್ಕನ ಅಂಗಡಿಯೂ ಸೇರಿ. ಇಷ್ಟನ್ನು ಹೇಳಿ ಅವನು ನನ್ನ ಕಡೆ ನೋಡಿದ.

“ಜ್ವಾಳದಕ್ಕ ಹೇಳಿದ್ರು, ಕಾಕು. ದಾರಿ ಆಗೂಮಟ ನೀರು ಬಿಡಬ್ಯಾಡ್ರಿ ಅಂತ ಹೇಳಿದ್ರು. ನಾ ಅದನ್ನ ಸಭಿಯೊಳಗ ಎರಡ ಸರ್ತಿ ಹೇಳೇನಿ.”

ಕಾಕು ಯಾವ ಸಭೆ ಎಂದು ಕೇಳಿದರು. ಅವನು ತಾರೀಖು ಹೇಳಿದ. ಕಾಕು ಎದ್ದು ಫೈಲು ತೆಗೆದು, ಆ ತಿಂಗಳ ನಡಾವಳಿಯನ್ನು ಹೊಸ ಕಣ್ಣಿನಿಂದ ಮೊದಲ ಸಲ ತಾವೇ ಓದಿದರು. ಕೊನೆಯ ಸಾಲಿನ ಹತ್ತಿರ, ಸ್ವಲ್ಪ ಸೊಟ್ಟಗೆ ಬಿದ್ದಿದ್ದ ತಮ್ಮ ಸಹಿಯ ಹತ್ತಿರ, ಬಹಳ ಹೊತ್ತು ನಿಂತರು. ನನ್ನ ಕಡೆ ತಿರುಗಲಿಲ್ಲ. ತಮ್ಮಾ, ಇವರಿಗೆ ಚಾ ಮಾಡು ಅಂದರು. ನಾನು ಅಡಿಗೆಮನೆಗೆ ಹೋದೆ. ನೀರು ಕುದಿಯುತ್ತಿದ್ದಾಗ, ಈಗ ಹೊರಗೆ ಹೋಗಿ ಹೇಳಿಬಿಡಬೇಕು ಅಂದುಕೊಂಡೆ. ನೀರು ಕುದ್ದು ಅರ್ಧವಾಯಿತು. ಮತ್ತೆ ನೀರು ಹಾಕಿ ಚಾ ಮಾಡಿಕೊಂಡು ಹೋದೆ. ಕಪ್ಪು ಕೊಟ್ಟೆ. ಹೇಳಲಿಲ್ಲ.

ಮರುದಿನ ಮುಂಜಾನೆ ಕಾಕು ಪೂಜೆ ಮುಗಿಸಿ ಬಂದು ಕೂತು, ಕಚೇರಿಗೆ ಪತ್ರ ಬರೆಯಬೇಕು, ನಾನು ಹೇಳುತ್ತೇನೆ, ನೀನು ಟೈಪ್ ಹೊಡಿ ಅಂದರು. ಅವರು ಇಂಗ್ಲಿಷಿನಲ್ಲಿ ಒಂದೊಂದೇ ವಾಕ್ಯ ಹೇಳಿದರು. ಆ ದಿನದ ಸಭೆಯಲ್ಲಿ ಈ ಎಚ್ಚರಿಕೆಯನ್ನು ಸ್ಪಷ್ಟವಾಗಿ ಕೊಡಲಾಗಿತ್ತು. ನಾನು ಸಹಿ ಮಾಡಿದ ನಡಾವಳಿಯಲ್ಲಿ ಅದು ಇಲ್ಲ. ಸಂಚಾಲಕಿಯಾಗಿ ಇದರ ಹೊಣೆ ಪೂರ್ತಿಯಾಗಿ ನನ್ನದು. ಈ ಸ್ಥಾನದಿಂದ ನಾನು ಇಳಿಯುತ್ತಿದ್ದೇನೆ. ಪೂರ್ತಿಯಾಗಿ ಎಂಬ ಪದವನ್ನು ತಪ್ಪು ಹೊಡೆದು ಮೂರು ಸಲ ತಿದ್ದಿದೆ. ಬರದ್ಯಾ ಎಂದು ಅವರು ಕೇಳಿದರು. ಬರದೆ ಅಂದೆ. ಅವರು ಪತ್ರವನ್ನು ನನ್ನಿಂದ ಓದಿಸಲಿಲ್ಲ. ಪರದೆಯ ಹತ್ತಿರ ಮುಖ ತಂದು ತಾವೇ ಓದಿಕೊಂಡರು. ಆಮೇಲೆ ಎಂದೂ ನನ್ನಿಂದ ಏನನ್ನೂ ಗಟ್ಟಿಯಾಗಿ ಓದಿಸಲಿಲ್ಲ.

ಅವರು ಹೊಣೆ ಹೊತ್ತುಕೊಂಡದ್ದರಿಂದ ವಿಚಾರಣೆ ಅಲ್ಲಿಗೇ ಮುಗಿಯಿತು. ಸೌಮ್ಯ ಅಧಿಕಾರಿ ಬಹಳ ದುಃಖದ ಪತ್ರ ಬರೆದ. ನನಗೆ ಅವನ ಕಚೇರಿಯಿಂದ ಆ ಕೆಲಸಕ್ಕೆ ಕರೆ ಬಂತು. ನಾನು ಹೋಗಲಿಲ್ಲ. ಊರು ಬಿಡಲಾರದೆ ಹೋಗಲಿಲ್ಲ ಎಂದು ಜನ ತಿಳಿದರು, ನಾನು ತಿದ್ದಲಿಲ್ಲ. ಆದರೆ ನಾನು ಆ ಸಭೆಗಳಲ್ಲಿ ಕೆಲಸ ಮಾಡಿದ್ದಕ್ಕೆ ಅವನ ಕಚೇರಿಯವರು ಕೊಟ್ಟ ಪ್ರಶಸ್ತಿಪತ್ರವನ್ನು ಕೋಚಿಂಗ್ ಕೇಂದ್ರದವರು ಕಟ್ಟುಹಾಕಿಸಿ ಗೋಡೆಗೆ ಏರಿಸಿದರು. ಅದನ್ನು ಇಳಿಸಿ ಎನ್ನುವ ಧೈರ್ಯವೂ ನನಗಾಗಲಿಲ್ಲ. ಇಂದಿಗೂ ಅದು ಅಲ್ಲೇ ಇದೆ.

ತಿಂಗಳ ಮೇಲೆ, ಒಂದು ದಿನ ನಾನು ಕಾಕುವಿನ ಮನೆಯಲ್ಲಿ ಹಳೆಯ ಕಾಗದ ಹೊಂದಿಸುತ್ತಿದ್ದೆ. ಅವರು ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆಯೆತ್ತದೆ ಕೇಳಿದರು.

“ನಿನಗ ಹೇಳೂದು ಏನರೇ ಐತೇನು, ತಮ್ಮಾ?”

“ಏನಿಲ್ರಿ, ಕಾಕು.”

ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಿದರು. ನನಗೆ ಇನ್ನೊಂದು ಅವಕಾಶ ಕೊಟ್ಟರು ಎಂದು ಈಗ ಅನ್ನಿಸುತ್ತದೆ. ಹೊರಗೆ ಯಾರದೋ ಸ್ಕೂಟರ್ ಬಂತು, ಹೋಯಿತು. ನಾನು ಕಾಗದ ಹೊಂದಿಸುತ್ತಲೇ ಇದ್ದೆ. ಹೂಂ ಎಂದು ಅವರು ಮತ್ತೆ ಕಾಯಿ ಎತ್ತಿಕೊಂಡರು. ಬರಬೇಡ ಎಂದು ಅವರು ನನಗೆ ಎಂದೂ ಹೇಳಲಿಲ್ಲ. ಹಾಗೆ ಅಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹುದ್ದೆ ಹೋದ ಮೇಲೆ ಕಾಕು ಸುಮ್ಮನೆ ಕೂಡಲಿಲ್ಲ. ಆರು ದೇಶಗಳಲ್ಲಿ ಮೂರು ಆ ಜಿಲ್ಲೆಯನ್ನು ಬಿಟ್ಟು ಹೊರಡುವ ಮಾತಾಡುತ್ತಿದ್ದವು. ಕಾಕು ಪ್ರತಿ ಮಂಗಳವಾರ ಮೊದಲು ಜ್ವಾಳದಕ್ಕನಿಗೆ, ಆಮೇಲೆ ಒಬ್ಬೊಬ್ಬ ಅಧಿಕಾರಿಗೆ ಫೋನು ಮಾಡುತ್ತಿದ್ದರು. ಅಧಿಕಾರವಿಲ್ಲದ ಮುದುಕಿಯ ಫೋನನ್ನು ಕೆಲವರು ಎತ್ತುತ್ತಿರಲಿಲ್ಲ. ಅವರು ಮುಂದಿನ ಮಂಗಳವಾರ ಮತ್ತೆ ಮಾಡುತ್ತಿದ್ದರು. ಇದರಿಂದ ಏನಾಗುತ್ತದೆ ಎಂದು ಒಮ್ಮೆ ನಾನು ಕೇಳಿದ್ದೆ.

“ಹೊಂದಾಣಿಕಿ ಅಂದ್ರ ಸಭಿ ಅಲ್ಲ,” ಅಂದರು. “ಯಾರರೇ ಒಬ್ಬರು ಬ್ಯಾಸರ ಮಾಡಿಕೊಳ್ಳದ ಫೋನ್ ಮಾಡೂದು. ಅಷ್ಟ.”

ಮೂರರಲ್ಲಿ ಎರಡು ದೇಶಗಳು ಉಳಿದವು. ಪಿಎಚ್.ಡಿ. ಮುಗಿಸಿ ಸಂಶೋಧಕ ತನ್ನೂರಿಗೆ ಮರಳಿದ. ಎರಡೂ ಕಡೆಯ ಹಿರಿಯರು ಅವನನ್ನೂ ಜ್ವಾಳದಕ್ಕನನ್ನೂ ಮುಂದಿಟ್ಟುಕೊಂಡು ದನದ ದಾರಿ ಅಳೆದು ತಾವೇ ಕಲ್ಲು ನೆಟ್ಟರು. ಬಡಿದಾಟವಾದಾಗ ನಿಂತಿದ್ದ ಬೋರ್‌ವೆಲ್ ಮತ್ತೆ ಶುರುವಾದದ್ದು ಅದಾದ ಮೇಲೆ. ಈಗ ಅಲ್ಲಿ ತಿಂಗಳಿಗೊಮ್ಮೆ ಊರವರದೇ ಸಭೆ ನಡೆಯುತ್ತದೆ. ಸಹಾಯ ಮಾಡುವ ದೇಶದವರು ಆ ಸಭೆಗೆ ಹೋಗಿ ಕೂಡಬೇಕು. ಕೊನೆಯ ವರ್ಷ ಕಾಕು ಹಾಸಿಗೆ ಹಿಡಿದಿದ್ದಾಗಲೂ ಆ ಸಭೆಯ ಸುದ್ದಿ ಬಂದ ದಿನ ಎದ್ದು ಕೂತು ಅರ್ಧ ರೊಟ್ಟಿ ಹೆಚ್ಚು ತಿನ್ನುತ್ತಿದ್ದರು. ಹೋದದ್ದು ನಿದ್ದೆಯಲ್ಲಿ, ಬೆಳಗಾಗುವ ಮೊದಲು. ಗರಗದಲ್ಲಿ ಅವರ ತಂದೆತಾಯಿಯ ಪಕ್ಕದಲ್ಲೇ ಸಮಾಧಿ ಮಾಡಿದರು. ನಾನೂ ಮಣ್ಣು ಹಾಕಿದೆ.

ಸಪ್ತಾಪುರದ ಆ ಶ್ರದ್ಧಾಂಜಲಿ ಸಭೆಯ ಮರುದಿನ ನಾನು ಸಂಶೋಧಕನಿಗೆ ಫೋನ್ ಮಾಡಿದೆ. ಕಾಕು ತೀರಿಕೊಂಡದ್ದು ಅವನಿಗೆ ಮೊದಲೇ ತಿಳಿದಿತ್ತು. ಸ್ವಲ್ಪ ಹೊತ್ತು ಅವರ ಮಾತಾಡಿದೆವು. ಆಮೇಲೆ, ಜ್ವಾಳದಕ್ಕನಿಗೆ ನಾನು ಒಂದು ಮಾತು ಹೇಳಬೇಕು ಅಂದೆ. ಅವನು ಯಾವ ಮಾತು ಎಂದು ಕೇಳಲಿಲ್ಲ. ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿದ. ಆಕೆ ಕಾಕುವನ್ನು ಹಲವು ಸಲ ಕೇಳಿದ್ದಳಂತೆ, ನನ್ನ ಮಾತನ್ನು ಅಳಿಸಿದವರು ಯಾರು ಎಂದು. ಪ್ರತಿ ಸಲವೂ ಕಾಕು, ಸಹಿ ನನ್ನದು, ತಪ್ಪು ನನ್ನದು ಅಂದಿದ್ದರಂತೆ. ಈಗ ಹೇಳುವುದಿದ್ದರೆ ತನಗೊಬ್ಬಳಿಗೇ ಹೇಳುವುದು ಬೇಡ, ಊರ ಸಭೆ ಇದೆ, ಅಲ್ಲಿ ಸತ್ತ ಹುಡುಗರ ಮನೆಯವರೂ ಇರುತ್ತಾರೆ, ಅಲ್ಲಿ ಹೇಳಲಿ ಎಂದು ಆಕೆ ಹೇಳಿ ಕಳಿಸಿದ್ದಳು.

ಆ ಊರ ಸಭೆಯ ದಿನ ನಾನು ಕ್ಲಾಸು ಬಿಟ್ಟು ಮನೆಯಲ್ಲಿದ್ದೆ. ಹೆಂಡತಿಗೆ ಹಿಂದಿನ ದಿನವೇ ಎಲ್ಲ ಹೇಳಿದ್ದೆ. ಅವಳು ಪಕ್ಕದ ಕುರ್ಚಿಯಲ್ಲಿ ಬಂದು ಕೂತಳು. ಫೋನ್ ಹತ್ತಿತು. ಆಚೆ ಗಾಳಿ, ಕುರಿಗಳ ಸದ್ದು, ಬಹಳ ಜನ ಒಮ್ಮೆಲೇ ಮಾತಾಡುವ ಗದ್ದಲ. ಆಮೇಲೆ ಒಂದು ಹೆಂಗಸಿನ ದನಿ ಏನೋ ಅಂದಿತು, ಗದ್ದಲ ನಿಂತಿತು. ಆ ದನಿ ನನಗೆ ಗುರುತಿತ್ತು.

“ಹೇಳ್ರಿ ಸರ್,” ಸಂಶೋಧಕ ನಮ್ಮ ಮಾತಿನಲ್ಲೇ ಅಂದ. “ಎಲ್ಲಾರೂ ಕೇಳಾಕತ್ತಾರ.”

ನಾನು ಹೇಳಿದೆ. ನನ್ನ ಹೆಸರು ಹೇಳಿದೆ. ಆ ದಿನ ಎಲ್ಲ ಸ್ಪಷ್ಟವಾಗಿ ಕೇಳಿಸಿತ್ತು, ಬರೆದುಕೊಂಡಿದ್ದೆ, ನಾನೇ ತೆಗೆದೆ ಅಂದೆ. ಯಾಕೆ ತೆಗೆದೆ ಎಂಬುದನ್ನೂ, ನೌಕರಿಯ ಆಸೆಯನ್ನೂ ಹೇಳಿದೆ. ಕಾಣದ ಕಣ್ಣಿನ ಕಾಕುವಿಗೆ ಸುಳ್ಳು ಹೇಳಿ ಸಹಿ ಮಾಡಿಸಿದ್ದನ್ನೂ ಹೇಳಿದೆ. ಒಂದೊಂದು ವಾಕ್ಯಕ್ಕೂ ನಿಲ್ಲುತ್ತಿದ್ದೆ, ಅವನು ಅವರ ಭಾಷೆಗೆ ಹೇಳುತ್ತಿದ್ದ. ಮುಗಿಯಿತು. ಆಮೇಲೆ ಇನ್ನೊಂದು ಹೆಂಗಸಿನ ದನಿ, ಬಹಳ ಸಣ್ಣಗೆ.

“ಸತ್ತ ಹುಡುಗರಾಗ ಒಬ್ಬಾವನ ತಾಯಿ ರೀ,” ಅಂದ ಸಂಶೋಧಕ. “ನೀ ಅದನ್ನ ಬರದಿಟ್ಟಿದ್ರ ಅವರು ನೀರು ನಿಲ್ಲಸ್ತಿದ್ರೇನು ಅಂತ ಕೇಳಾಕತ್ತಾರ.”

“ಅವರು ನಿಲ್ಲಸ್ತಿದ್ರೋ ಇಲ್ಲೋ ನನಗ ಗೊತ್ತಿಲ್ಲ,” ಅಂದೆ. “ಕಾಕು ನಿಲ್ಲಸ್ತಿದ್ರು.”

ಅವನು ಅದನ್ನು ಹೇಳಿದ. ನೆಲದ ಮೇಲೆ ಏನೋ ಸರಿದ ಸದ್ದಾಯಿತು. ತಾಯಿ ಎದ್ದು ಹೋದರು ಎಂದು ಅವನು ಮೆಲ್ಲಗೆ ತಿಳಿಸಿದ. ನನ್ನನ್ನು ಯಾರೂ ಬೈಯಲಿಲ್ಲ, ಯಾರೂ ಇರಲಿ ಬಿಡು ಅನ್ನಲಿಲ್ಲ. ಜ್ವಾಳದಕ್ಕ ಮುಂದಿನ ವಿಷಯ ಎತ್ತಿದಳು. ಬೇಸಿಗೆಯ ಮೇವಿನ ಮಾತು ಶುರುವಾಯಿತು, ಒಬ್ಬ ಮುದುಕ ಜೋರಾಗಿ ತಕರಾರು ತೆಗೆದ, ಹಲವರು ನಕ್ಕರು. ಸಂಶೋಧಕ ನನಗೆ ಹೇಳುವುದನ್ನು ಬಿಟ್ಟು ಅವರ ನಡುವೆ ಮಾತಾಡತೊಡಗಿದ. ಫೋನ್ ಇಡು ಎಂದು ಯಾರೂ ಹೇಳಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು. ಒಂದು ಮಾತೂ ಅರ್ಥವಾಗದ ಆ ಸಭೆಯನ್ನು ಅದು ಮುಗಿಯುವ ತನಕ ನಾನು ಕೇಳುತ್ತ ಕೂತೆ.